ದಿನ ತುಂಬದ ಮಗುವಿನ ಮೂಳೆ ಅಳೆಯುವ ಕೆಲಸ

ಒಂದು ಕೆಜಿ ತೂಗುವ ಮಗುವಿನ ಕಾಲಿನ ಮೂಳೆ ಎಷ್ಟು ಗಟ್ಟಿ ಇದೆ ಅಂತ ತಿಳಿಯುವುದು ಹೇಗೆ? ಮಗುವಿಗೆ ನೋವಾಗಬಾರದು. ಮೈ ತಣ್ಣಗಾಗಬಾರದು. ಉಸಿರಿನ ನಳಿಕೆ ಅಲುಗಬಾರದು. ಇನ್‌ಕ್ಯುಬೇಟರಿನಿಂದ ಆಚೆ ತರುವ ಹಾಗೂ ಇಲ್ಲ. ನನ್ನ ಪಿಎಚ್‌ಡಿ ಪೂರ್ತಿ ಈ ಒಂದು ಪ್ರಶ್ನೆಯ ಸುತ್ತಲೇ ನಡೆಯಿತು.

ನಾನು ಬಯೋಮೆಡಿಕಲ್ ಇಂಜಿನಿಯರ್. ಅಲ್ಲಿಯವರೆಗೆ ನಾನು ಕೆಲಸ ಮಾಡಿದ ಮೂಳೆಗಳೆಲ್ಲ ದೊಡ್ಡವರವು. ಸವೆದ ಸೊಂಟ, ಬದಲಿ ಮಂಡಿ, ಪ್ಲೇಟು, ಸ್ಕ್ರೂ. ಒಮ್ಮೆ ನವಜಾತ ಶಿಶುಗಳ ವಾರ್ಡಿನ ಡಾಕ್ಟರೊಬ್ಬರು ನಮ್ಮ ಲ್ಯಾಬಿಗೆ ಬಂದರು. ಅವರು ಕೇಳಿದ್ದು ಇಷ್ಟೇ: "ನಮ್ಮ ಮಕ್ಕಳ ಮೂಳೆ ತೆಳುವಾಗ್ತಾ ಇದೆ ಅಂತ ಗೊತ್ತಾಗೋ ಹೊತ್ತಿಗೆ ತಡವಾಗಿರುತ್ತೆ. ಮುಂಚೆನೇ ಹೇಳೋ ಸಾಧನ ನಿಮ್ಮ ಹತ್ರ ಏನಾದ್ರೂ ಇದೆಯಾ?"

ಆಗ ನಮ್ಮ ಹತ್ತಿರ ಇರಲಿಲ್ಲ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಮೊದಲ ಕೆಲವು ತಿಂಗಳು ಬರೀ ಓದಿದೆ. 37 ವಾರ ತುಂಬುವ ಮೊದಲೇ ಹುಟ್ಟುವ ಮಕ್ಕಳ ಸಂಖ್ಯೆ ಸಣ್ಣದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 1 ಕೋಟಿ 34 ಲಕ್ಷ ಮಕ್ಕಳು ಹೀಗೆ ಹುಟ್ಟಿದರು. ಅಂದರೆ ಹುಟ್ಟಿದ ಹತ್ತು ಮಕ್ಕಳಲ್ಲಿ ಒಂದು. ಇವರಲ್ಲಿ ಮೂಳೆಯ ತೊಂದರೆ ಜಾಸ್ತಿ ಕಾಡುವುದು 28 ವಾರಕ್ಕೂ ಮುಂಚೆ ಹುಟ್ಟಿದವರನ್ನು, ಒಂದೂವರೆ ಕೆಜಿಗಿಂತ ಕಡಿಮೆ ತೂಕದವರನ್ನು.

ಕಾರಣ ಸರಳ. ಹೊಟ್ಟೆಯಲ್ಲಿರುವ ಮಗುವಿನ ಮೂಳೆಗೆ ಸೇರುವ ಕ್ಯಾಲ್ಸಿಯಂ ಮತ್ತು ಫಾಸ್ಫರಸ್‌ನಲ್ಲಿ ಶೇಕಡಾ 80ರಷ್ಟು ಸೇರುವುದು ಕೊನೆಯ ಮೂರು ತಿಂಗಳಲ್ಲಿ. ಆ ಹೊತ್ತಿನಲ್ಲಿ ಮಗುವಿನ ಪ್ರತಿ ಕೆಜಿ ತೂಕಕ್ಕೆ ದಿನಕ್ಕೆ 100ರಿಂದ 120 ಮಿಲಿಗ್ರಾಂ ಕ್ಯಾಲ್ಸಿಯಂ ಹೋಗುತ್ತದೆ. ತಾಯಿಯಿಂದ ಮಗುವಿಗೆ ಪೋಷಣೆ ದಾಟಿಸುವ ಮಾಸು (ಪ್ಲಾಸೆಂಟಾ) ಅದನ್ನು ಪಂಪು ಮಾಡಿ ಕಳಿಸುತ್ತದೆ. ತಾಯಿಯ ರಕ್ತದಲ್ಲಿರುವುದಕ್ಕಿಂತ ಮಗುವಿನ ರಕ್ತದಲ್ಲೇ ಕ್ಯಾಲ್ಸಿಯಂ ಜಾಸ್ತಿ ಇರುತ್ತದೆ. ಏಳನೇ ತಿಂಗಳಿಗೇ ಹುಟ್ಟಿದ ಮಗುವಿಗೆ ಈ ಸರಬರಾಜು ಒಂದೇ ಏಟಿಗೆ ನಿಂತುಹೋಗುತ್ತದೆ.

ಹಾಗಾದರೆ ನರದ ಮೂಲಕ ಕೊಡಬಹುದಲ್ಲ ಅಂತ ನನಗೂ ಅನ್ನಿಸಿತ್ತು. ಅಲ್ಲಿ ರಸಾಯನಶಾಸ್ತ್ರ ಅಡ್ಡ ಬರುತ್ತದೆ. ಒಂದೇ ಚೀಲದ ದ್ರವದಲ್ಲಿ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಒಂದು ಮಿತಿ ದಾಟಿದರೆ ಎರಡೂ ಸೇರಿ ಹರಳುಗಟ್ಟುತ್ತವೆ. ಹರಳು ರಕ್ತನಾಳಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ಹಾಗಾಗಿ ಮಾಸು ಕೊಡುತ್ತಿದ್ದಷ್ಟನ್ನು ಚೀಲದಿಂದ ಕೊಡುವುದು ಬಹಳ ಕಷ್ಟ. ಎದೆಹಾಲು ಶುರುವಾದ ಮೇಲೂ ಅದಕ್ಕೆ ಖನಿಜದ ಪುಡಿ ಬೆರೆಸಬೇಕಾಗುತ್ತದೆ. ಜೊತೆಗೆ ಶ್ವಾಸಕೋಶಕ್ಕಾಗಿ ಕೊಡುವ ಸ್ಟೀರಾಯ್ಡ್, ಮೈಯಲ್ಲಿ ನೀರು ನಿಲ್ಲದಿರಲಿ ಎಂದು ಕೊಡುವ ಫ್ಯೂರೋಸಮೈಡ್. ಜೀವ ಉಳಿಸುವ ಇವೇ ಔಷಧಿಗಳು ಮೂಳೆಗೆ ಒಳ್ಳೆಯವಲ್ಲ. ಡಾಕ್ಟರುಗಳಿಗೆ ಇದು ಗೊತ್ತಿಲ್ಲ ಅಂತಲ್ಲ. ಜೀವ ಮೊದಲು, ಮೂಳೆ ಆಮೇಲೆ, ಅಷ್ಟೇ.

ಹೀಗೆ ತೆಳುವಾದ ಮೂಳೆ ತನ್ನಷ್ಟಕ್ಕೆ ಏನೂ ಹೇಳುವುದಿಲ್ಲ. ಮಗು ಹುಟ್ಟಿ ಆರರಿಂದ ಹನ್ನೆರಡು ವಾರದ ನಡುವೆ ಸಮಸ್ಯೆ ಬಯಲಿಗೆ ಬರುತ್ತದೆ. ಕೆಲವೊಮ್ಮೆ ಎದೆಗೆ ಅಂತ ತೆಗೆದ ಎಕ್ಸ್‌ರೇಯಲ್ಲಿ ಮುರಿದ ಪಕ್ಕೆಲುಬು ಕಾಣಿಸುತ್ತದೆ. ಬಿದ್ದದ್ದಿಲ್ಲ, ಏಟಾದದ್ದಿಲ್ಲ. ಖನಿಜ ಶೇಕಡಾ 20ರಿಂದ 40ರಷ್ಟು ಇಳಿಯುವವರೆಗೆ ಎಕ್ಸ್‌ರೇಯಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ. ರಕ್ತ ಪರೀಕ್ಷೆ ಇದೆ: ಫಾಸ್ಫೇಟ್ ಇಳಿದಿದೆಯಾ, ಮೂಳೆ ಕಟ್ಟುವ ಕೆಲಸದಲ್ಲಿ ಬಳಕೆಯಾಗುವ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಏರಿದೆಯಾ ಅಂತ ನೋಡುತ್ತಾರೆ. ಆದರೆ ಮೂಳೆ ಚೆನ್ನಾಗಿ ಬೆಳೆಯುತ್ತಿದ್ದರೂ ಫಾಸ್ಫಟೇಸ್ ಏರುತ್ತದೆ. ಮೇಲಾಗಿ ಒಂದು ಕೆಜಿ ಮಗುವಿನ ಮೈಯಲ್ಲಿ ಇರುವ ರಕ್ತವೇ ಸುಮಾರು 90 ಮಿಲಿಲೀಟರ್. ಬೇಕೆಂದಾಗಲೆಲ್ಲ ತೆಗೆಯೋಕೆ ಆಗಲ್ಲ.

ಇಷ್ಟು ಓದಿದ ಮೇಲೂ ನನ್ನೊಳಗಿನ ಇಂಜಿನಿಯರ್‌ಗೆ ಏನೋ ಬಾಕಿ ಉಳಿದ ಹಾಗಿತ್ತು. ಎಲ್ಲರೂ ಮೂಳೆಗೆ ಏನು ಸಿಗಲಿಲ್ಲ ಅಂತ ಮಾತಾಡುತ್ತಿದ್ದರು. ಮೂಳೆ ಏನು ಕೆಲಸ ಮಾಡಲಿಲ್ಲ ಅನ್ನುವ ಮಾತು ಕಡಿಮೆ. ಮೂಳೆ ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನನ್ನು ಕಟ್ಟಿಕೊಳ್ಳುತ್ತದೆ ಅಂತ ಜರ್ಮನಿಯ ವೈದ್ಯ ಯೂಲಿಯಸ್ ವೋಲ್ಫ್ 1892ರಲ್ಲೇ ಬರೆದಿದ್ದರು. 1987ರಲ್ಲಿ ಅಮೆರಿಕದ ಮೂಳೆ ವೈದ್ಯ ಹೆರಾಲ್ಡ್ ಫ್ರಾಸ್ಟ್ ಅದನ್ನು ಇಂಜಿನಿಯರ್‌ಗಳಿಗೆ ಅರ್ಥವಾಗುವ ರೀತಿಯಲ್ಲಿ ಇಟ್ಟರು: ಮೂಳೆ ಒಂದು ಮಟ್ಟಕ್ಕಿಂತ ಜಾಸ್ತಿ ಬಾಗಿದರೆ ಹೊಸ ಮೂಳೆ ಸೇರುತ್ತದೆ, ಕಡಿಮೆ ಬಾಗಿದರೆ ಇರುವುದೂ ಕರಗುತ್ತದೆ.

ಹೊಟ್ಟೆಯಲ್ಲಿರುವ ಮಗುವಿಗೆ ಭಾರ ಎಲ್ಲಿಂದ? ಒದೆತದಿಂದ. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ನೀವ್ ನೌಲನ್ ಅವರ ತಂಡ ಎಂಆರ್‌ಐ ಚಲನಚಿತ್ರಗಳಿಂದ ಇದನ್ನು ಲೆಕ್ಕ ಹಾಕಿ 2018ರಲ್ಲಿ ಪ್ರಕಟಿಸಿತು. 20 ವಾರದಲ್ಲಿ ಒಂದು ಒದೆತದ ಬಲ ಸುಮಾರು 29 ನ್ಯೂಟನ್. 30 ವಾರಕ್ಕೆ 47. ಆಮೇಲೆ ಜಾಗ ಇಕ್ಕಟ್ಟಾಗಿ 35 ವಾರಕ್ಕೆ 17ಕ್ಕೆ ಇಳಿಯುತ್ತದೆ. ಆದರೆ ಮೂಳೆಯ ಒಳಗಿನ ಒತ್ತಡ ಮಾತ್ರ ಏರುತ್ತಲೇ ಹೋಗುತ್ತದೆ. ನಾನು ಆ 47ರ ಮೇಲೆ ತುಂಬಾ ಹೊತ್ತು ಕಣ್ಣಿಟ್ಟು ಕೂತಿದ್ದೆ. ಸುಮಾರು 4.8 ಕೆಜಿ ಎತ್ತಿ ಹಿಡಿಯಲು ಬೇಕಾದಷ್ಟು ಬಲ ಅದು! ಅದೇ 30 ವಾರದ ಮಗು ಹೊರಗೆ ಬಂದಿದ್ದರೆ ಮೆತ್ತನೆ ಹಾಸಿಗೆಯಲ್ಲಿ ಅಂಗಾತ ಮಲಗಿರುತ್ತದೆ. ಗುರುತ್ವದ ಎದುರು ಕಾಲೆತ್ತುವ ಶಕ್ತಿ ಇಲ್ಲ. ಎತ್ತಿದರೂ ಒದೆಯುವುದು ಗಾಳಿಗೆ. ಎದುರಿಗೆ ತಳ್ಳುವ ಗೋಡೆಯೇ ಇಲ್ಲ.

ದೊಡ್ಡವರ ಮೂಳೆಗೆ ಡೆಕ್ಸಾ ಸ್ಕ್ಯಾನ್ ಇದೆ, ಎಕ್ಸ್‌ರೇಯಿಂದ ಮೂಳೆಯ ಸಾಂದ್ರತೆ ಅಳೆಯುವಂಥದ್ದು. ಅದಕ್ಕೆ ಮಗುವನ್ನು ಬೇರೆ ಕೋಣೆಗೆ ಒಯ್ಯಬೇಕು, ಅದು ಅಲುಗದೆ ಮಲಗಬೇಕು. ನಾವು ಆರಿಸಿದ್ದು ಶಬ್ದವನ್ನು. ಬೆರಳಿನಷ್ಟು ಸಣ್ಣ ಪ್ರೋಬನ್ನು ಕಣಕಾಲಿನ, ಅಂದರೆ ಮಂಡಿಯಿಂದ ಕೆಳಗಿನ, ಮೂಳೆಯ ಉದ್ದಕ್ಕೆ ಇಡುತ್ತೇವೆ. ಅದರ ಒಂದು ತುದಿಯಿಂದ ಅಲ್ಟ್ರಾಸೌಂಡ್ ಹೊರಟು, ಮೂಳೆಯ ಗುಂಟ ಓಡಿ, ಇನ್ನೊಂದು ತುದಿಗೆ ಬರುತ್ತದೆ. ಎಷ್ಟು ಬೇಗ ಬಂತು ಅನ್ನುವುದೇ ಅಳತೆ. ಮೆತ್ತನೆ ಮಾಂಸದಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1540 ಮೀಟರ್ ಓಡುತ್ತದೆ, ದೊಡ್ಡವರ ಗಟ್ಟಿ ಮೂಳೆಯಲ್ಲಿ ಸುಮಾರು 4000, ಎಳೆ ಮಗುವಿನ ಮೂಳೆಯಲ್ಲಿ ಸುಮಾರು 3000. ಮೂಳೆ ಮೆತ್ತಗಾದಂತೆ, ತೆಳುವಾದಂತೆ ವೇಗ ಇಳಿಯುತ್ತದೆ.

ನೈತಿಕ ಸಮಿತಿಯ ಒಪ್ಪಿಗೆ, ಅರ್ಜಿ, ತಿದ್ದುಪಡಿ, ಮತ್ತೆ ಅರ್ಜಿ. ಅದರ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಇಂಥ ಮಕ್ಕಳ ವಿಷಯದಲ್ಲಿ ಸಮಿತಿ ಎಷ್ಟು ಪ್ರಶ್ನೆ ಕೇಳಿದರೂ ಸರಿಯೇ ಅಂತ ನನ್ನ ಅಭಿಪ್ರಾಯ.

ಹೆತ್ತವರ ಒಪ್ಪಿಗೆ ಕೇಳುವುದು ಬೇರೆಯೇ ಕೆಲಸ. ಅದನ್ನು ಯಾವ ಕೋರ್ಸೂ ಕಲಿಸಿರಲಿಲ್ಲ. ಮಗು ಬದುಕುತ್ತದೋ ಇಲ್ಲವೋ ಎಂಬ ಚಿಂತೆಯಲ್ಲಿರುವವರ ಎದುರು ಮೂಳೆಯ ಮಾತು ತೆಗೆಯಬೇಕು. ನರ್ಸುಗಳು ಒಂದು ನಿಯಮ ಹಾಕಿದರು: ಮಗು ಹುಟ್ಟಿದ ಮೊದಲ ಕೆಲವು ದಿನ ಯಾರನ್ನೂ ಕೇಳುವಂತಿಲ್ಲ. ಮಗು ಒಂದು ಹದಕ್ಕೆ ಬಂದ ಮೇಲೆ ಅವರೇ ಹೇಳುತ್ತಿದ್ದರು, "ಈಗ ಹೋಗಿ ಮಾತಾಡಿ" ಅಂತ.

ಒಬ್ಬ ತಾಯಿ ಪ್ರೋಬನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು.

"ಇದು ಎಕ್ಸ್‌ರೇನಾ ಡಾಕ್ಟ್ರೇ?"

"ಅಲ್ಲಮ್ಮ. ನೀವು ಬಸುರಿದ್ದಾಗ ಹೊಟ್ಟೆ ಮೇಲಿಟ್ಟು ಸ್ಕ್ಯಾನಿಂಗ್ ಮಾಡ್ತಿದ್ರಲ್ಲ, ಅದೇ ಥರದ ಶಬ್ದ. ಕಿವಿಗೆ ಕೇಳಿಸಲ್ಲ, ನೋವೂ ಆಗಲ್ಲ. ಮತ್ತೆ ನಾನು ಡಾಕ್ಟರ್ ಅಲ್ಲ, ಇಂಜಿನಿಯರ್."

"ಇದರಿಂದ ನನ್ನ ಮಗೂಗೆ ಏನಾದ್ರೂ ಪ್ರಯೋಜನ ಇದೆಯಾ?"

ಈ ಪ್ರಶ್ನೆಗೆ ಬೆಣ್ಣೆ ಹಚ್ಚಿ ಉತ್ತರ ಕೊಡಬಾರದು ಅಂತ ನಾವು ಮೊದಲೇ ತೀರ್ಮಾನಿಸಿದ್ದೆವು. "ಈಗಲೇ ಇಲ್ಲಮ್ಮ. ಇದನ್ನ ನೋಡಿ ಔಷಧಿ ಬದಲಾಯಿಸಲ್ಲ. ಮುಂದೆ ಹೀಗೆ ಹುಟ್ಟೋ ಮಕ್ಕಳಿಗೆ ಉಪಯೋಗ ಆಗಬಹುದು. ಬೇಡ ಅಂದ್ರೂ ನಿಮ್ಮ ಮಗೂನ ನೋಡಿಕೊಳ್ಳೋದರಲ್ಲಿ ಏನೂ ವ್ಯತ್ಯಾಸ ಆಗಲ್ಲ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಸಹಿ ಹಾಕಿದರು. ಬೇಡ ಅಂದವರೂ ಇದ್ದರು. ಅವರ ನಿರ್ಧಾರವೂ ಅಷ್ಟೇ ಸರಿ.

ಇನ್ನು ಅಳತೆ. ಇಲ್ಲಿ ನಿಧಾನವಾಗಿ ಹೇಳುತ್ತೇನೆ, ಯಾಕಂದರೆ ಸಂಶೋಧನಾ ಪ್ರಬಂಧಗಳಲ್ಲಿ ಇದಕ್ಕೆ ಸಿಗುವುದು ಎರಡೇ ಸಾಲು.

28 ವಾರಕ್ಕೆ ಹುಟ್ಟಿದ ಮಗುವಿನ ಕಣಕಾಲಿನ ಮೂಳೆ ಐದು ಸೆಂಟಿಮೀಟರ್‌ನಷ್ಟೂ ಇರುವುದಿಲ್ಲ. ಚರ್ಮ ತೆಳು, ಒಳಗಿನ ನರ ಕಾಣುತ್ತದೆ. ಒಂದು ಕಾಲಿಗೆ ಬಹಳ ಸಲ ಸೂಜಿ ಹಾಕಿರುತ್ತಾರೆ, ಇಲ್ಲವೇ ಆಮ್ಲಜನಕ ಅಳೆಯುವ ಪಟ್ಟಿ ಸುತ್ತಿರುತ್ತಾರೆ. ಇನ್ನೊಂದು ಕಾಲೇ ನಮಗೆ ಸಿಗುವುದು. ಈ ಮಕ್ಕಳನ್ನು ಪದೇ ಪದೇ ಮುಟ್ಟಬಾರದು. ಹಾಗಾಗಿ ನರ್ಸುಗಳು ಬಟ್ಟೆ ಬದಲಿಸುವುದು, ಜ್ವರ ನೋಡುವುದು, ಹಾಲು ಕೊಡುವುದು ಎಲ್ಲವನ್ನೂ ಒಟ್ಟಿಗೆ ಮಾಡಿ ಮುಗಿಸುತ್ತಾರೆ. ನಮ್ಮ ಸರದಿ ಅದರ ಕೊನೆಗೆ. ನಮ್ಮ ಅಳತೆಗಾಗಿ ಮಲಗಿದ ಮಗುವನ್ನು ಎಬ್ಬಿಸುವ ಮಾತೇ ಇರಲಿಲ್ಲ.

ಮೊಣಕೈವರೆಗೆ ಕೈ ತೊಳೆದು, ಪ್ರೋಬ್ ಒರೆಸಿ, ಜೆಲ್ಲನ್ನು ಬೆಚ್ಚಗೆ ಮಾಡಿಕೊಂಡು, ಇನ್‌ಕ್ಯುಬೇಟರಿನ ಕಿಂಡಿಯಿಂದ ಎರಡೂ ಕೈ ತೂರಿಸುತ್ತೇವೆ. ಒಬ್ಬರು ಮಂಡಿಯನ್ನು ತೊಂಬತ್ತು ಡಿಗ್ರಿಗೆ ಮಡಿಸಿ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿಯುತ್ತಾರೆ. ಮಂಡಿಯಿಂದ ಹಿಮ್ಮಡಿಗೆ ಎಷ್ಟು ದೂರ ಅಂತ ನೋಡಿ ಅದರ ಅರ್ಧಕ್ಕೆ ಗುರುತು ಹಾಕುತ್ತೇವೆ. ಅಲ್ಲಿ ಪ್ರೋಬ್ ಇಟ್ಟು ಮೂಳೆಯ ಸುತ್ತ ನಿಧಾನಕ್ಕೆ, ಒಳಗಿನಿಂದ ಹೊರಕ್ಕೆ ಸರಿಸುತ್ತೇವೆ. ಒತ್ತಬಾರದು. ಒತ್ತಿದರೆ ಮಗುವಿಗೂ ತೊಂದರೆ, ಅಳತೆಗೂ ತೊಂದರೆ. ಪರದೆಯ ಮೇಲೆ ಅಲೆ ಸ್ಪಷ್ಟವಾಗಿ ಕಾಣುವವರೆಗೆ ಕೈ ಕದಲಬಾರದು. ಅಷ್ಟರಲ್ಲಿ ಮಗು ಕಾಲು ಎಳೆದುಕೊಳ್ಳುತ್ತದೆ. ಎಳೆದುಕೊಂಡಾಗ ಬಿಡಬೇಕು. ಮತ್ತೆ ಕಾಯಬೇಕು. ಮಾನಿಟರ್ ಕೂಗಿದರೆ ಅಂದಿನ ಅಳತೆ ಅಲ್ಲಿಗೇ ಮುಗಿಯಿತು. ನಮ್ಮ ಜೊತೆ ನಿಲ್ಲುತ್ತಿದ್ದ ಹಿರಿಯ ನರ್ಸ್ ಒಬ್ಬರು ಮಗುವಿನ ಹುಬ್ಬು ನೋಡಿಯೇ ಹೇಳುತ್ತಿದ್ದರು, "ಸಾಕು, ಈಗ ಬೇಡ." ಮಾನಿಟರ್ ಕೂಗುವುದು ಅದಾದ ಸ್ವಲ್ಪ ಹೊತ್ತಿಗೆ! ಅವರ ಕಣ್ಣಿಗಿಂತ ಒಳ್ಳೆಯ ಸೆನ್ಸರ್ ನಾನು ಇನ್ನೂ ನೋಡಿಲ್ಲ.

ತಾಯಿಯ ಎದೆಯ ಮೇಲೆ ಚರ್ಮಕ್ಕೆ ಚರ್ಮ ತಾಗಿಸಿ ಮಲಗಿಸಿರುವಾಗ ಅಳೆದ ಅಲೆಗಳು ಎಲ್ಲಕ್ಕಿಂತ ಚೆನ್ನಾಗಿ ಬಂದವು. ಮಗು ನಿರಾಳವಾಗಿರುತ್ತದೆ, ಕಾಲು ತಾನಾಗಿ ಮಡಿಸಿಕೊಂಡಿರುತ್ತದೆ. ಕೊನೆಕೊನೆಗೆ ಸಾಧ್ಯವಿದ್ದಾಗಲೆಲ್ಲ ಆ ಹೊತ್ತಿಗೇ ಕಾದು ಅಳೆಯುತ್ತಿದ್ದೆವು.

ಸಾಧನ ಸರಿಯಿದೆಯಾ ಅಂತ ಪ್ರತಿ ಸಲ ಪರೀಕ್ಷಿಸಲು ಒಂದು ಅಕ್ರಿಲಿಕ್ ತುಂಡು ಇಟ್ಟುಕೊಂಡಿದ್ದೆವು. ಅದರಲ್ಲಿ ಶಬ್ದದ ವೇಗ ನಮಗೆ ಗೊತ್ತು. ಆದರೆ ಅಕ್ರಿಲಿಕ್ ಬಿಸಿಯಾದರೆ ಅದರೊಳಗೆ ಶಬ್ದ ನಿಧಾನವಾಗುತ್ತದೆ. ಇನ್‌ಕ್ಯುಬೇಟರಿನ ಒಳಗಿನ ಬಿಸಿ ಬೇರೆ, ಮೇಜಿನ ಮೇಲಿನ ಬಿಸಿ ಬೇರೆ. ಹಾಗಾಗಿ ಆ ತುಂಡಿಗೂ ಒಂದು ಥರ್ಮಾಮೀಟರ್ ಅಂಟಿಸಿ, ಬಿಸಿಗೆ ತಕ್ಕ ತಿದ್ದುಪಡಿ ಸೇರಿಸಿದೆವು. ಸಣ್ಣ ವಿಷಯ ಅನ್ನಿಸಬಹುದು. ನಾವು ಹುಡುಕುತ್ತಿದ್ದ ವ್ಯತ್ಯಾಸವೂ ಸಣ್ಣದೇ ಅಲ್ವಾ?

ಲ್ಯಾಬಿಗೆ ಮರಳಿದ ಮೇಲೆ ನಿಜವಾದ ತಲೆನೋವು ಶುರು. ಪ್ರೋಬ್ ಕಳಿಸುವ ಶಬ್ದ 1.25 ಮೆಗಾಹರ್ಟ್ಸ್. ವೇಗ 3000 ಮೀಟರ್ ಅಂದುಕೊಂಡರೆ ಒಂದು ಅಲೆಯ ಉದ್ದ 2.4 ಮಿಲಿಮೀಟರ್ ಆಗುತ್ತದೆ. ಈ ಮಕ್ಕಳ ಟೊಳ್ಳು ಮೂಳೆಯ ಗೋಡೆ ಅದಕ್ಕಿಂತ ತೆಳು. ಗೋಡೆ ದಪ್ಪವಿದ್ದರೆ ಶಬ್ದ ಅದರೊಳಗೆ ಸ್ವತಂತ್ರವಾಗಿ ಓಡುತ್ತದೆ, ವೇಗ ನೋಡಿ ಮೂಳೆಯ ಗಡಸುತನ ಹೇಳಬಹುದು. ಗೋಡೆ ಅಲೆಗಿಂತ ತೆಳುವಾದರೆ ಹಾಗಲ್ಲ. ಇಡೀ ಗೋಡೆಯೇ ತಗಡಿನಂತೆ ಅಲುಗುತ್ತದೆ, ವೇಗ ಕಡಿಮೆಯಾಗುತ್ತದೆ. ಆಗ ಸಿಗುವ ಅಂಕಿಯಲ್ಲಿ ಗಡಸುತನವೂ ಇರುತ್ತದೆ, ದಪ್ಪವೂ ಇರುತ್ತದೆ. ಯಾವುದು ಎಷ್ಟು ಅಂತ ಬಿಡಿಸಿ ಹೇಳಲು ಒಂದು ಅಂಕಿ ಸಾಲದು.

ಬಿಡಿಸಬೇಕಾದ ಕಾರಣವೂ ಇದೆ. ಮೂಳೆ ಟೊಳ್ಳು ಕೊಳವೆ, ಬಿದಿರಿನ ಹಾಗೆ. ಬಾಗುವಿಕೆಯನ್ನು ತಡೆಯುವ ಅದರ ಶಕ್ತಿ ಅಗಲದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. ಒಳಗಿನ ಟೊಳ್ಳೂ ಸೇರಿ ಅಡ್ಡಳತೆ ಎಲ್ಲ ಹತ್ತು ಶೇಕಡಾ ದೊಡ್ಡದಾದರೆ ಆ ಶಕ್ತಿ 46 ಶೇಕಡಾ ಹೆಚ್ಚಾಗುತ್ತದೆ, ಮೂಳೆಯ ಪದಾರ್ಥದ ಗುಣ ಏನೂ ಬದಲಾಗದೆ. ಹಾಗಾಗಿ ಖನಿಜ ಎಷ್ಟಿದೆ ಅನ್ನುವಷ್ಟೇ ಮುಖ್ಯ ಪ್ರಶ್ನೆ ಅದು ಎಲ್ಲಿದೆ ಅನ್ನುವುದು. ಒದೆತ ಮೂಳೆಯನ್ನು ಹೊರಕ್ಕೆ ಅಗಲವಾಗಿಸುತ್ತದೆ. ಒದೆತ ಇಲ್ಲದ ಮೂಳೆ ಸಪೂರವಾಗಿ ಉಳಿಯುತ್ತದೆ. ಬೇರೆ ಕಾರಣಕ್ಕೆ ಡಾಕ್ಟರುಗಳು ಆಗಲೇ ತೆಗೆಸಿದ್ದ ಎಕ್ಸ್‌ರೇಗಳಿಂದ, ಅದಕ್ಕೂ ಒಪ್ಪಿಗೆ ಪಡೆದು, ಮೂಳೆಯ ಹೊರ ಅಗಲ ತೆಗೆದುಕೊಂಡೆವು. ನಮಗಾಗಿ ಒಂದೂ ಹೆಚ್ಚುವರಿ ಎಕ್ಸ್‌ರೇ ತೆಗೆಸಲಿಲ್ಲ. ಆ ಅಗಲ ಮತ್ತು ಶಬ್ದದ ವೇಗ ಎರಡನ್ನೂ ಕಂಪ್ಯೂಟರ್ ಮಾದರಿಗೆ ಕೊಟ್ಟು, ಗೋಡೆಯ ದಪ್ಪವನ್ನು ಬದಲಿಸುತ್ತಾ ಯಾವುದು ಹೊಂದುತ್ತದೆ ಎಂದು ನೋಡಿದೆವು. ಪ್ರೋಗ್ರಾಂ ಬರೆದ ಕಥೆ ಇಲ್ಲಿ ಬೇಡ.

ಅಳತೆಗಳು ಸೇರುತ್ತಾ ಹೋದಂತೆ ಒಂದು ಚಿತ್ರ ಕಾಣಿಸಿತು. ಹುಟ್ಟಿದ ಮೇಲಿನ ವಾರಗಳಲ್ಲಿ ಹೆಚ್ಚಿನ ಮಕ್ಕಳ ಮೂಳೆಯಲ್ಲಿ ಶಬ್ದದ ವೇಗ ಇಳಿಯುತ್ತಾ ಬಂತು. ಒಂಬತ್ತು ತಿಂಗಳು ತುಂಬಬೇಕಿದ್ದ ದಿನ ಬಂದಾಗಲೂ ದಿನ ತುಂಬಿ ಹುಟ್ಟಿದ ಮಕ್ಕಳ ಮಟ್ಟಕ್ಕೆ ಬಂದಿರಲಿಲ್ಲ. ಬೇರೆ ತಂಡಗಳೂ ಇದನ್ನು ಕಂಡಿವೆ. ಆದರೆ ಇಳಿದದ್ದೆಲ್ಲ ರೋಗವಲ್ಲ. ದಿನ ತುಂಬಿ ಹುಟ್ಟಿದ ಆರೋಗ್ಯವಂತ ಮಗುವಿನ ಉದ್ದ ಮೂಳೆಯ ಸಾಂದ್ರತೆಯೂ ಮೊದಲ ಆರು ತಿಂಗಳಲ್ಲಿ ಶೇಕಡಾ 30ರಷ್ಟು ಇಳಿಯುತ್ತದೆ. ಒಳಗಿನ ಮಜ್ಜೆಯ ಜಾಗ ಗೋಡೆಗಿಂತ ಬೇಗ ಹಿಗ್ಗುವುದೇ ಕಾರಣ. ಅದು ಬೆಳವಣಿಗೆ. ಹಾಗಾಗಿ ಒಂದು ದಿನದ ಒಂದು ಅಂಕಿ ಹಿಡಿದು ಈ ಮಗುವಿನ ಮೂಳೆ ಸರಿಯಿಲ್ಲ ಅನ್ನುವುದು ತಪ್ಪು. ಒಂದೇ ಮಗುವನ್ನು ವಾರವಾರ ನೋಡಬೇಕು. ಅಗಲ ಹೆಚ್ಚುತ್ತಾ ವೇಗ ಇಳಿದರೆ ಚಿಂತೆ ಕಡಿಮೆ. ಅಗಲವೂ ನಿಂತು ವೇಗವೂ ಇಳಿದರೆ ಆ ಮಗುವಿನ ಮೇಲೆ ಕಣ್ಣಿಡಬೇಕು. ನನ್ನ ಇಡೀ ಪ್ರಬಂಧದಲ್ಲಿ ವಾರ್ಡಿಗೆ ನೇರವಾಗಿ ಬೇಕಾಗುವ ಮಾತು ಇದೊಂದೇ ಅಂತ ನನಗನ್ನಿಸುತ್ತದೆ.

ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ, ಮಕ್ಕಳು ದೊಡ್ಡವರಾದ ಮೇಲೆ ಮೂಳೆ ತಾನೇ ಸರಿಹೋಗುತ್ತಲ್ಲ ಅಂತ ಕೆಲವರು ಕೇಳಿದರು. ಎಷ್ಟೋ ಮಕ್ಕಳಲ್ಲಿ ಬಹುಪಾಲು ಸರಿಹೋಗುತ್ತದೆ, ನಿಜ. ಆದರೆ ಒಂದೂವರೆ ಕೆಜಿಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಫಿನ್ಲೆಂಡಿನ ಯುವಜನರನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವರ ಮೂಳೆಯ ಸಾಂದ್ರತೆ ಓರಗೆಯವರಿಗಿಂತ ಕಡಿಮೆ ಇತ್ತು. ಯೌವನದಲ್ಲಿ ಕೂಡಿಟ್ಟ ಮೂಳೆಯೇ ಮುಪ್ಪಿನವರೆಗೆ ಬರಬೇಕಾದದ್ದು. ಶುರುವಿನಲ್ಲೇ ಕೊರತೆ ಇದ್ದವರನ್ನು ಸುಮ್ನೆ ಬಿಡೋದು ನನಗೆ ಒಪ್ಪಿಗೆಯಿಲ್ಲ.

ಹಾಗಾದರೆ ವ್ಯಾಯಾಮ ಮಾಡಿಸಬಹುದಲ್ಲ? ಮಾಡಿಸಿ ನೋಡಿದ್ದಾರೆ. 1995ರಲ್ಲೇ ಒಂದು ಅಮೆರಿಕನ್ ತಂಡ ಇಂಥ ಮಕ್ಕಳ ಕೀಲುಗಳನ್ನು ದಿನಕ್ಕೊಮ್ಮೆ ಮೆಲ್ಲಗೆ ಮಡಿಸಿ, ಬಿಡಿಸಿ, ತುದಿಯಲ್ಲಿ ಸ್ವಲ್ಪ ಒತ್ತಿ, ಖನಿಜ ಹೆಚ್ಚುವುದನ್ನು ತೋರಿಸಿತು. ಆಮೇಲೆ ಹಲವು ಪ್ರಯೋಗ ನಡೆದವು. ವೈದ್ಯಕೀಯ ಪ್ರಯೋಗಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆ ಅವನ್ನೆಲ್ಲ ಒಟ್ಟಿಗೆ ತೂಗಿದ ವಿಮರ್ಶೆಯಲ್ಲಿ ಕಂಡದ್ದು ಸ್ವಲ್ಪ ಕಾಲದ ಲಾಭ. ಮುಂದಕ್ಕೂ ಅದು ಉಳಿಯುತ್ತದೆ ಎನ್ನಲು ಆಧಾರ ಸಿಗಲಿಲ್ಲ. ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಎಷ್ಟು ಸಲ, ಎಷ್ಟು ದಿನ ಅಂತ ಬರೆಯುತ್ತಾರೆ, ಎಷ್ಟು ಬಲ ಅಂತ ಬರೆಯುವವರು ಅಪರೂಪ. ಔಷಧಿಯಾದರೆ ಎಷ್ಟು ಮಿಲಿಗ್ರಾಂ ಅಂತ ಹೇಳದೆ ಕೊಡುತ್ತೇವಾ? ಇನ್ನೊಂದು ಮಾತು: ಮೂಳೆ ಮೆತ್ತಗಿದೆ ಅಂತ ಗೊತ್ತಿರುವ ಮಗುವಿಗೆ ಮನೆಯವರು ತಾವಾಗಿ ಇಂಥದ್ದನ್ನು ಮಾಡಿಸಲೇಬಾರದು. ಮುರಿಯುವ ಅಪಾಯ ನಿಜವಾದದ್ದು. ಅದು ತರಬೇತಿ ಇರುವವರ ಕೈಯ ಕೆಲಸ.

ಈಗ ನಾನು ಕೆಲಸ ಮಾಡುತ್ತಿರುವುದು ಅದೇ ಬಲದ ಮೇಲೆ. ವಾರ್ಡಿನಲ್ಲಿ ಮಗುವಿನ ಸುತ್ತ ಸುರುಳಿ ಸುತ್ತಿದ ಬಟ್ಟೆ ಇಟ್ಟು ಗೂಡು ಕಟ್ಟುತ್ತಾರೆ. ಮಗು ಕಾಲು ಚಾಚಿದರೆ ಪಾದ ಆ ಬಟ್ಟೆಗೆ ತಾಗುತ್ತದೆ, ತಳ್ಳುತ್ತದೆ. ಆ ಸುರುಳಿಯೊಳಗೆ, ಪಾದ ತಾಗುವ ಕಡೆ, ತೆಳ್ಳನೆಯ ಒತ್ತಡದ ಸೆನ್ಸರ್ ಪಟ್ಟಿ ಇಡುತ್ತಿದ್ದೇವೆ. ಮಗುವಿನ ಮೈಗೆ ಒಂದು ತಂತಿಯೂ ಅಂಟುವುದಿಲ್ಲ. ದಿನವಿಡೀ ಅದು ತಾನಾಗಿ ಎಷ್ಟು ಸಲ ತಳ್ಳಿತು, ಎಷ್ಟು ಬಲದಿಂದ ತಳ್ಳಿತು ಎಂಬುದು ದಾಖಲಾಗುತ್ತದೆ. ಬಟ್ಟೆ ಮೆತ್ತಗಿದ್ದರೆ ಪಾದ ಹೂತುಹೋಗುತ್ತದೆ, ಬಲ ಕಾಣುವುದಿಲ್ಲ. ಗಟ್ಟಿಯಾದರೆ ಎಳೆ ಚರ್ಮಕ್ಕೆ ಆಗಿಬರುವುದಿಲ್ಲ. ಸದ್ಯಕ್ಕೆ ಬೇರೆ ಬೇರೆ ಬಿಗಿಯ ಸುರುಳಿಗಳನ್ನು ಲ್ಯಾಬಿನಲ್ಲಿ ಒಂದು ಕೆಜಿ ತೂಕದ ಗೊಂಬೆಯ ಕಾಲಿನಿಂದ ಒತ್ತಿ ನೋಡುತ್ತಿದ್ದೇವೆ. ಗರ್ಭಕೋಶದ ಗೋಡೆ ಎಷ್ಟು ಬಾಗಿ ಕೊಡುತ್ತದೋ ಅದಕ್ಕೆ ಹತ್ತಿರ ಬರುವ ಬಟ್ಟೆ ಹುಡುಕುವುದು ಮೊದಲ ಹೆಜ್ಜೆ. ಹಿರಿಯ ನರ್ಸ್ ಆಗಲೇ ಎರಡು ಸುರುಳಿಗಳನ್ನು ಕೈಯಲ್ಲಿ ಒತ್ತಿ ನೋಡಿ ಬೇಡವೆಂದು ಪಕ್ಕಕ್ಕಿಟ್ಟಿದ್ದಾರೆ. ಮೂರನೆಯದನ್ನು ಒಗೆದು ತೋರಿಸಿ, ಆಮೇಲೆ ಮಾತಾಡೋಣ ಅಂದಿದ್ದಾರೆ.